ಹವಾಮಾನ ಓದದ ಹವಾಮಾನ ತಜ್ಞ

ಎಲೆಕ್ಟ್ರಾನಿಕ್ಸ್ ಓದುವವರಿಗೆ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಯೂಲ್-ವಾಕರ್ ಸಮೀಕರಣಗಳು ಎದುರಾಗುತ್ತವೆ. ಈ ವಾಕರ್ ಯಾರೆಂದು ಹುಡುಕಿದ ನನಗೆ ಸಿಕ್ಕಿದ್ದು, ಶಿಮ್ಲಾದಲ್ಲಿ ಕೂತು ನಮ್ಮ ಮಳೆಯ ಲೆಕ್ಕ ಹಾಕಿದವರ ಕಥೆ.

ಗಿಲ್ಬರ್ಟ್ ವಾಕರ್ ಹುಟ್ಟಿದ್ದು 1868ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ. 1889ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಗೆ ಮೊದಲಿಗರು. ಬೂಮರಾಂಗ್, ಕೊಳಲು ಅವರ ಹುಚ್ಚು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದಾಗ ಹವಾಮಾನಶಾಸ್ತ್ರದ ಗಂಧವೇ ಇರಲಿಲ್ಲ. ಅನುಭವ ಎಷ್ಟು ವರ್ಷ ಎಂದು ಕೇಳುವ ಈಗಿನ ಇಂಟರ್‌ವ್ಯೂಗಳಾಗಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರೇನೋ!

ಕೆಲಸ ಹಗುರದ್ದಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕರಗಿತ್ತು. 1899ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಾಗ ಇಲಾಖೆಯ ಮುನ್ಸೂಚನೆಯೂ ತಪ್ಪಿತ್ತು. ಮುಂದಿನ ಮಳೆಗಾಲ ಹೇಗಿರುತ್ತದೆ ಎಂದು ಮೊದಲೇ ಹೇಳುವ ಹೊಣೆ ವಾಕರ್ ಹೆಗಲಿಗೆ ಬಿತ್ತು.

ಕಾರಣ ವಿವರಿಸುವ ಸಿದ್ಧಾಂತ ಯಾರ ಬಳಿಯೂ ಇರಲಿಲ್ಲ. ಅವರು ಲೆಕ್ಕಕ್ಕೇ ಕೈಹಾಕಿದರು. ಜಗತ್ತಿನ ನಾನಾ ಊರುಗಳ ಗಾಳಿಯ ಒತ್ತಡ, ಉಷ್ಣಾಂಶ, ಮಳೆ ತರಿಸಿಕೊಂಡು, ಯಾವುದು ಯಾವುದರ ಜೊತೆ ಏರಿಳಿಯುತ್ತದೆ ಎಂದು ಹುಡುಕಿದರು. ಕಂಪ್ಯೂಟರ್ ಇಲ್ಲದ ಕಾಲ. ಕಚೇರಿಯ ಭಾರತೀಯ ಗುಮಾಸ್ತರು ರಾಶಿ ರಾಶಿ ಕೋರಿಲೇಷನ್‌ಗಳನ್ನು ಕೈಯಲ್ಲೇ ಬಿಡಿಸಿದರು. ಸಮೀಕರಣಗಳಿಗೆ ಅವರ ಹೆಸರಿಲ್ಲ, ಅದೊಂದು ಬೇಸರ.

ಆ ರಾಶಿಯಲ್ಲೇ ಸಿಕ್ಕಿತು: ಪೆಸಿಫಿಕ್ ಮೇಲೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ, ಥೇಟ್ ಏತದ ಹಾಗೆ. ಅದಕ್ಕೆ ಸದರ್ನ್ ಆಸಿಲೇಷನ್ ಎಂದು ಹೆಸರಿಟ್ಟರು. ಅಂದಹಾಗೆ, 1913ರಲ್ಲಿ ಮದ್ರಾಸಿನಲ್ಲಿ ರಾಮಾನುಜನ್ ಅವರ ಗಣಿತ ನೋಡಿ, ಆ ಗುಮಾಸ್ತನಿಗೆ ನೆರವು ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದವರೂ ಇವರೇ.

1924ರಲ್ಲಿ ಭಾರತ ಬಿಟ್ಟರು. ಮುಂಗಾರನ್ನು ನೆಚ್ಚಿಕೊಳ್ಳುವಷ್ಟು ನಿಖರವಾಗಿ ಹೇಳಲು ಅವರಿಗೆ ಆಗಲೇ ಇಲ್ಲ. ಕಾರಣ ಹೇಳದ ಲೆಕ್ಕವೆಂದು ಅನುಮಾನಿಸಿದವರೂ ಇದ್ದರು. 1958ರಲ್ಲಿ ತೀರಿಕೊಂಡರು. 1969ರಲ್ಲಿ ಜೇಕಬ್ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ ಆ ಏರಿಳಿತಕ್ಕೂ ಪೆಸಿಫಿಕ್ ನೀರು ಬಿಸಿಯಾಗುವ ಎಲ್ ನಿನೊಗೂ ಇರುವ ನಂಟು ತೋರಿಸಿದರು. 1984ರಿಂದ ಅಮೆರಿಕದ ವಿಲಿಯಂ ಗ್ರೇ ಎಲ್ ನಿನೊ ಸ್ಥಿತಿಯನ್ನೂ ನೋಡಿ, ಈ ಸಲ ಅಟ್ಲಾಂಟಿಕ್‌ನಲ್ಲಿ ಎಷ್ಟು ಚಂಡಮಾರುತ ಏಳಬಹುದೆಂದು ಮುಂಚಿತವಾಗಿ ಹೇಳತೊಡಗಿದರು.

ನಮ್ಮ ಬಂಗಾಳ ಕೊಲ್ಲಿಯಲ್ಲೂ ಪೆಸಿಫಿಕ್ ತಣ್ಣಗಾಗುವ ಲಾ ನಿನಾ ವರ್ಷಗಳ ಕೊನೆಯಲ್ಲಿ ಪ್ರಬಲ ಚಂಡಮಾರುತಗಳಿಗೆ ಅನುಕೂಲ ಹೆಚ್ಚು. ಅವು ಚೆನ್ನೈ ಕಡೆ ದಡ ಹತ್ತಿದರೆ ದೊಡ್ಡಬಳ್ಳಾಪುರದ ಹೊಲದಲ್ಲಿ ಕೊಯ್ದಿಟ್ಟ ರಾಗಿ ತೆನೆ ನೆನೆದು ಮೊಳಕೆಯೊಡೆಯುತ್ತದೆ. ಎಷ್ಟು ಚಂಡಮಾರುತ ಎಂಬ ಅಂದಾಜನ್ನು ಋತುವಿನ ಮುನ್ಸೂಚನೆ ಕೊಟ್ಟೀತು. ಯಾವ ದಿನ, ಯಾವ ಊರಿಗೆ ಎಂದು ಹೇಳದು. ಕೊಯ್ಲಿಗೆ ಆಳು ಕರೆಯುವ ಮೊದಲು ನಮ್ಮಪ್ಪ ಕೇಳುವುದು ಆ ದಿನವನ್ನೇ.