ಡಾ. ಶಂಭುನಾಥ ಡೇ: ಕಾಲರಾ ವಿಷವನ್ನು ಪತ್ತೆಹಚ್ಚಿದ ವೈದ್ಯರು

ಲಕ್ಷ್ಮಣತೀರ್ಥ ನದಿ ಪಾತ್ರದ ಹನಗೋಡು ಮುಂತಾದ ಗ್ರಾಮಗಳ ಸಾರ್ವಜನಿಕರು ಮಳೆಗಾಲದಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಯುವುದು ಅವಶ್ಯ. ಕಲುಷಿತ ನೀರಿನಲ್ಲಿ ಕಾಲರಾ ರೋಗಾಣು ಇದ್ದಲ್ಲಿ ಅದು ಮನುಷ್ಯನ ಪ್ರಾಣವನ್ನು ಹೇಗೆ ಅಪಾಯಕ್ಕೆ ದೂಡುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಬಂಗಾಳದ ಡಾ. ಶಂಭುನಾಥ ಡೇ ಅವರು.

ಶ್ರೀಯುತರು 1915ನೇ ಇಸವಿಯ ಫೆಬ್ರವರಿ 1ರಂದು ಹೂಗ್ಲಿ ಜಿಲ್ಲೆಯ ಗ್ರಾಮವೊಂದರಲ್ಲಿ ಜನಿಸಿದರು. 1939ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನಿಂದ ಪದವಿಯನ್ನೂ, 1949ರಲ್ಲಿ ಲಂಡನ್ನಿನಲ್ಲಿ ಪಿಎಚ್.ಡಿ.ಯನ್ನೂ ಪಡೆದು ಸ್ವದೇಶಕ್ಕೆ ಮರಳಿದರು. ಕಲ್ಕತ್ತೆಯ ಸರ್ಕಾರಿ ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ವಿಭಾಗದಲ್ಲಿ ಸೇವೆ ಸಲ್ಲಿಸಿ 1973ರಲ್ಲಿ ನಿವೃತ್ತರಾದರು.

ಈ ರೋಗಾಣು ವಿಷವೊಂದನ್ನು ಸ್ರವಿಸುತ್ತಿರಬೇಕೆಂದು ರಾಬರ್ಟ್ ಕಾಖ್ ಅವರು 1884ರಲ್ಲಿಯೇ ಊಹಿಸಿದ್ದರು. ಆದರೆ ಅನೇಕ ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚಿ ಪರೀಕ್ಷಿಸುತ್ತಿದ್ದರು. ಡೇ ಅವರು ಕರುಳಿನಲ್ಲಿಯೇ ಹುಡುಕಿದರು. 1953ರಲ್ಲಿ ಸಹೋದ್ಯೋಗಿ ಚಟರ್ಜಿಯವರೊಡನೆ ಮೊಲದ ಸಣ್ಣ ಕರುಳಿನ ತುಂಡೊಂದನ್ನು ಎರಡೂ ಕಡೆ ದಾರದಿಂದ ಬಿಗಿದು, ಒಳಗೆ ರೋಗಾಣುವನ್ನು ಸೇರಿಸಿದರು. ಮರುದಿನ ಆ ಭಾಗ ನೀರು ತುಂಬಿ ಊದಿಕೊಂಡಿತ್ತು. ಇಷ್ಟು ಅಲ್ಪ ಸಲಕರಣೆಯಲ್ಲಿ ಇಷ್ಟು ದೊಡ್ಡ ಫಲ ದೊರೆತ ಪ್ರಯೋಗಗಳು ವಿರಳ. 1959ರಲ್ಲಿ ರೋಗಾಣುಗಳನ್ನು ಪೂರ್ಣವಾಗಿ ಸೋಸಿ ತೆಗೆದ ದ್ರವವೂ ಅದೇ ಪರಿಣಾಮ ಬೀರುವುದೆಂದು ತೋರಿಸಿ, ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ವಿಷವು ಒಂದು ಪ್ರೋಟೀನ್ ಆಗಿರುತ್ತದೆ. ಅದರ ಐದು ಘಟಕಗಳು ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತವೆ. ಆರನೆಯದು ಒಳಹೊಕ್ಕು, ಉಪ್ಪಿನಂಶ ಮತ್ತು ನೀರು ಎಡೆಬಿಡದೆ ಹೊರಹರಿಯುವಂತೆ ಮಾಡುತ್ತದೆ. ಕರುಳು ಹರಿಯುವುದಿಲ್ಲ, ಕೊಳೆಯುವುದಿಲ್ಲ. ದೇಹದ ನೀರು ಬರಿದಾಗಿ ರೋಗಿ ಸಾಯುತ್ತಾನೆ. ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಆಗಲೂ ಉಳಿದಿರುವುದರಿಂದಲೇ ಓಆರ್‌ಎಸ್ ದ್ರಾವಣವು ಜೀವ ಉಳಿಸುತ್ತದೆ.

ನೊಬೆಲ್ ಪುರಸ್ಕೃತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಕುರಿತ ವಿಚಾರಗೋಷ್ಠಿಗೆ ಅವರನ್ನು ಆಹ್ವಾನಿಸಿತು. ಭಾರತದ ವಿಜ್ಞಾನ ಅಕಾಡೆಮಿಗಳು ಮಾತ್ರ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಇದು ಸಣ್ಣ ಲೋಪವೇನಲ್ಲ. 1985ರ ಏಪ್ರಿಲ್ 15ರಂದು ಅವರು ನಿಧನರಾದರು. ಐದು ವರ್ಷಗಳ ನಂತರ, 1990ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯು ಅವರ ಕುರಿತು ವಿಶೇಷ ಸಂಚಿಕೆಯನ್ನು ಹೊರತಂದಿತು.

ಓಆರ್‌ಎಸ್ ಪೊಟ್ಟಣಗಳನ್ನು ಆಶಾ ಕಾರ್ಯಕರ್ತೆಯರಿಂದ ಉಚಿತವಾಗಿ ಪಡೆಯಬಹುದಾಗಿದ್ದು, ಇದಕ್ಕೆ ಯಾವುದೇ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ. ಪೊಟ್ಟಣದ ಮೇಲೆ ನಮೂದಿಸಿರುವಷ್ಟು ಶುದ್ಧ ನೀರಿನಲ್ಲಿ ಕರಗಿಸಿ, ಭೇದಿ ಆರಂಭವಾದ ಕೂಡಲೇ ಕುಡಿಸಲು ಪ್ರಾರಂಭಿಸಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.