ಗುಣಾಕಾರದ ಹೊರೆಯನ್ನಿಳಿಸಿದ ಜಾನ್ ನೇಪಿಯರ್

ಸಾವಿರ ರೂಪಾಯಿಯನ್ನು ವರ್ಷಕ್ಕೆ ನೂರಕ್ಕೆ 6 ರೂಪಾಯಿಯ ಚಕ್ರಬಡ್ಡಿಗೆ ಕೊಟ್ಟರೆ ಅದು ಎರಡು ಸಾವಿರವಾಗಲು ಎಷ್ಟು ಕಾಲ ಹಿಡಿಯುವುದು? ಅಸಲು ತಿಳಿದಿದೆ, ಬಡ್ಡಿಯ ದರ ತಿಳಿದಿದೆ. ಕಾಲವೊಂದು ಮಾತ್ರ ತಿಳಿಯದು. ಲೆಕ್ಕಕ್ಕೆ ಕುಳಿತವನು 1.06ನ್ನು ಅದರಿಂದಲೇ ಗುಣಿಸುತ್ತ, ಬಂದುದನ್ನು ಮತ್ತೆ ಮತ್ತೆ ಗುಣಿಸುತ್ತ ಹೋಗಬೇಕು. 11ನೆಯ ವರ್ಷದ ಕೊನೆಗೆ ಮೊಬಲಗು ಇಮ್ಮಡಿಯನ್ನು ಮುಟ್ಟದು. 12ನೆಯ ವರ್ಷದ ಕೊನೆಗೆ ಅದನ್ನು ದಾಟಿಹೋಗುವುದು. ಉತ್ತರವು ಇವೆರಡರ ನಡುವೆ ಎಲ್ಲಿಯೋ ಅವಿತಿರುತ್ತದೆ. ಹೀಗೆ ಘಾತಸ್ಥಾನದಲ್ಲಿ ಕುಳಿತ ಅಜ್ಞಾತಸಂಖ್ಯೆಯನ್ನು ಕೆಳಗಿಳಿಸಿ ಕೈಗೆ ದೊರಕಿಸುವ ಲಾಗರಿದಮ್ ಎಂಬ ಸಾಧನವನ್ನು ಲೋಕಕ್ಕೆ ಪ್ರಕಟಿಸಿದವನು ಸ್ಕಾಟ್ಲೆಂಡಿನ ಜಾನ್ ನೇಪಿಯರನು.

ಈತನು 1550ರಲ್ಲಿ ಎಡಿನ್‌ಬರೋ ನಗರದ ಸಮೀಪದ ಮರ್ಚಿಸ್ಟನ್ ಕೋಟೆಯಲ್ಲಿ, ಭೂಮಾಲಿಕರ ಮನೆತನದಲ್ಲಿ ಜನಿಸಿದನು. 13ನೆಯ ವಯಸ್ಸಿನಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯವನ್ನು ಸೇರಿದನಾದರೂ ಪದವಿಯನ್ನು ಪಡೆಯಲಿಲ್ಲ. ಗಣಿತವು ಈತನ ಜೀವನೋಪಾಯವೂ ಆಗಿರಲಿಲ್ಲ. ಜಮೀನಿನ ಆಡಳಿತ, ಮನೆತನದ ವ್ಯಾಜ್ಯಗಳು, ಅಂದಿನ ಮತಕಲಹ, ಇವುಗಳ ನಡುವೆ ಉಳಿದ ಬಿಡುವೇ ಗಣಿತಕ್ಕೆ ಮೀಸಲು. ನೆರೆಹೊರೆಯವರು ಈತನನ್ನು ಮಾಟಗಾರನೆಂದು ಶಂಕಿಸುತ್ತಿದ್ದರೆಂಬ ಐತಿಹ್ಯವೂ ಉಂಟು. ಪ್ರಾಟೆಸ್ಟೆಂಟ್ ಮತದಲ್ಲಿ ಕಡು ಅಭಿಮಾನಿಯಾಗಿದ್ದ ನೇಪಿಯರನು 1593ರಲ್ಲಿ ಬೈಬಲ್ಲಿನ ಕೊನೆಯ ಪುಸ್ತಕಕ್ಕೆ ವ್ಯಾಖ್ಯಾನವನ್ನು ಬರೆದು, 1688ರಿಂದ 1700ರೊಳಗಾಗಿ ಲೋಕಾಂತ್ಯವಾಗುವುದೆಂದು ಗಣಿಸಿದನು. ಆ ಗ್ರಂಥವು ಹಲವು ಭಾಷೆಗಳಿಗೆ ಪರಿವರ್ತಿತವಾಗಿ ಈತನಿಗೆ ದೊಡ್ಡ ಕೀರ್ತಿಯನ್ನು ತಂದಿತು. 1700ನೆಯ ಇಸವಿಯು ನಿರಪಾಯವಾಗಿ ಕಳೆದುಹೋಯಿತು. ಬಿಡುವಿನ ವೇಳೆಯ ಗಣಿತವು ಮಾತ್ರ ನಿಂತಿತು.

ಆ ಕಾಲದ ಖಗೋಳಜ್ಞರಿಗೂ ನಾವಿಕರಿಗೂ ಏಳೆಂಟು ಅಂಕಿಗಳ ಸಂಖ್ಯೆಗಳನ್ನು ಪರಸ್ಪರ ಗುಣಿಸಿ ಭಾಗಿಸುವ ಕೆಲಸವು ನಿತ್ಯದ ಪೀಡೆಯಾಗಿತ್ತು. ಒಂದು ಅಂಕಿ ತಪ್ಪಿದರೆ ದಿನಗಟ್ಟಲೆಯ ಶ್ರಮ ವ್ಯರ್ಥ. ಗುಣಾಕಾರವನ್ನು ಕೂಡುವುದಕ್ಕೂ, ಭಾಗಾಕಾರವನ್ನು ಕಳೆಯುವುದಕ್ಕೂ, ವರ್ಗಮೂಲವನ್ನು ಎರಡರಿಂದ ಭಾಗಿಸುವುದಕ್ಕೂ ಇಳಿಸಬಹುದೆಂಬುದನ್ನು ನೇಪಿಯರನು ಕಂಡುಕೊಂಡನು. ಘಾತಗಳನ್ನು ಇಂದಿನಂತೆ ಬರೆಯುವ ಕ್ರಮವು ಅಂದು ರೂಢಿಯಲ್ಲಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎರಡು ರೇಖೆಗಳ ಮೇಲೆ ಎರಡು ಬಿಂದುಗಳು, ಒಂದು ಸಮವೇಗದಿಂದ, ಇನ್ನೊಂದು ಉಳಿದ ದೂರಕ್ಕೆ ತಕ್ಕಂತೆ ಕುಗ್ಗುವ ವೇಗದಿಂದ, ಚಲಿಸುವುದಾಗಿ ಭಾವಿಸಿ ಈತನು ತನ್ನ ಸಂಖ್ಯೆಗಳನ್ನು ಸಾಧಿಸಿದನು. ಸುಮಾರು 20 ವರ್ಷ ಏಕಾಕಿಯಾಗಿ ಶ್ರಮಿಸಿ 1614ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 57 ಪುಟ ವಿವರಣೆ, 90 ಪುಟ ಕೋಷ್ಟಕಗಳಿದ್ದವು.

ನಮ್ಮ ದೇಶದಲ್ಲಿ 9ನೆಯ ಶತಮಾನದ ವೀರಸೇನಾಚಾರ್ಯರು ತಮ್ಮ ಧವಲಾ ಟೀಕೆಯಲ್ಲಿ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದನ್ನು ಅರ್ಧಚ್ಛೇದವೆಂದು ಕರೆದು ಅದರ ನಿಯಮಗಳನ್ನು ಹೇಳಿರುವರು. ಆ ಗ್ರಂಥದ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದುದು ನಮ್ಮ ಮೂಡಬಿದಿರೆ. ಇದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಎಣಿಕೆಯ ಕಷ್ಟವನ್ನು ನೀಗಿಸುವ ಕೋಷ್ಟಕವನ್ನು ಅದರಿಂದ ಯಾರೂ ರಚಿಸಲಿಲ್ಲ. ನೇಪಿಯರನಿಗೆ ಅದರ ಪರಿಚಯವಿದ್ದಿತೆನ್ನಲು ಆಧಾರವೂ ಇಲ್ಲ.

ನೇಪಿಯರನ ಕೋಷ್ಟಕದಲ್ಲಿ ಒಂದು ತೊಡಕಿತ್ತು. ಅದರಲ್ಲಿ ಒಂದರ ಲಾಗರಿದಮ್ ಸೊನ್ನೆಯಾಗಿರಲಿಲ್ಲ. ಆದುದರಿಂದ ಎರಡು ಸಂಖ್ಯೆಗಳನ್ನು ಗುಣಿಸುವಾಗ ಕೂಡಿದ ಮೇಲೆ ಒಂದು ದೊಡ್ಡ ಸಂಖ್ಯೆಯನ್ನು ಕಳೆಯಬೇಕಾಗುತ್ತಿತ್ತು. ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ ರೇಖಾಗಣಿತದ ಅಧ್ಯಾಪಕನಾಗಿದ್ದ ಹೆನ್ರಿ ಬ್ರಿಗ್ಸ್ ಎಂಬುವನು ಗ್ರಂಥವನ್ನೋದಿ ಬೆರಗಾಗಿ, 1615ರಲ್ಲಿ ದೂರದ ಪ್ರಯಾಣವನ್ನು ಕೈಕೊಂಡು ಮರ್ಚಿಸ್ಟನ್ನಿಗೇ ಬಂದನು. ಹತ್ತನ್ನು ಆಧಾರವಾಗಿಟ್ಟುಕೊಳ್ಳಬಹುದೆಂದು ಆತನ ಸೂಚನೆ. ಒಂದರ ಲಾಗರಿದಮ್ ಸೊನ್ನೆಯಾಗಿರಲೆಂದು ನೇಪಿಯರನ ತಿದ್ದುಪಡಿ. 65 ವರ್ಷದ ವೃದ್ಧನು ತನ್ನ 20 ವರ್ಷದ ದುಡಿಮೆಯ ಫಲಕ್ಕೆ ಅಂಟಿಕೊಳ್ಳದೆ, ಹೊಸ ಕ್ರಮವೇ ಮೇಲೆಂದು ಒಪ್ಪಿ, ತನಗೆ ದೇಹಸ್ಥಿತಿ ಸಾಲದೆಂದು ಅದರ ರಚನೆಯನ್ನು ಅತಿಥಿಗೇ ವಹಿಸಿದನು. ಮೊದಲು ಕಂಡವನಾರೆಂಬುದಕ್ಕೇ ಕಚ್ಚಾಡುವ ವಿದ್ವಾಂಸರ ನಡುವೆ ಇಂಥ ನಡತೆ ವಿರಳ.

ಆ ಹೊಸ ಕ್ರಮದಲ್ಲಿ ನಮ್ಮ ಬಡ್ಡಿಯ ಲೆಕ್ಕವು ಎರಡು ಪಂಕ್ತಿಗಳಲ್ಲಿ ಮುಗಿಯುವುದು. 1.06ರ ನೆತ್ತಿಯ ಮೇಲಿದ್ದ ವರ್ಷಗಳ ಸಂಖ್ಯೆಯು, ಎರಡು ಕಡೆಯೂ ಲಾಗರಿದಮ್ ತೆಗೆದೊಡನೆ ಕೆಳಗಿಳಿದು ಬರಿಯ ಗುಣಕವಾಗುತ್ತದೆ. 2ರ ಲಾಗರಿದಮ್ 0.3010, 1.06ರದು 0.0253. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 11.9 ವರ್ಷ. ಕಾಲವನ್ನು 10 ವರ್ಷಕ್ಕೆ ಗೊತ್ತುಮಾಡಿ ದರವನ್ನೇ ಕೇಳಿದರೆ, 0.3010ನ್ನು 10ರಿಂದ ಭಾಗಿಸಿ, ಬಂದ 0.0301 ಯಾವ ಸಂಖ್ಯೆಯ ಲಾಗರಿದಮ್ ಎಂದು ಕೋಷ್ಟಕದಲ್ಲಿ ಹಿಮ್ಮುಖವಾಗಿ ಹುಡುಕಬೇಕು, ಅದು 1.072ರ ಸಮೀಪ, ಎಂದರೆ ನೂರಕ್ಕೆ 7.2ರಷ್ಟು ಬಡ್ಡಿ. ಇಂದು ಅಂಗೈಯಗಲದ ಯಂತ್ರವು ಇದನ್ನು ಕ್ಷಣದಲ್ಲಿ ಹೇಳುವುದಾದರೂ, ಅಜ್ಞಾತವನ್ನು ಕೆಳಗಿಳಿಸುವ ಮಾರ್ಗವು ಅದೇ.

ಬ್ರಿಗ್ಸನು 1616ರಲ್ಲಿ ಮತ್ತೊಮ್ಮೆ ಬಂದುಹೋದನು. ಮೂರನೆಯ ಭೇಟಿಗೆ ಅವಕಾಶವಾಗಲಿಲ್ಲ; 1617ರ ಏಪ್ರಿಲ್ 4ರಂದು ನೇಪಿಯರನು ಕಾಲವಾದನು. ಬ್ರಿಗ್ಸನು ಕೊಟ್ಟ ಮಾತಿನಂತೆ ದುಡಿದು, 1624ರಲ್ಲಿ 30,000 ಸಂಖ್ಯೆಗಳ ಲಾಗರಿದಮ್‌ಗಳನ್ನು 14 ದಶಮಾಂಶ ಸ್ಥಾನಗಳವರೆಗೆ ಗಣಿಸಿ ಪ್ರಕಟಿಸಿದನು. ಇತ್ತ ಮಧ್ಯ ಯುರೋಪಿನಲ್ಲಿ ಗ್ರಹಗತಿಗಳ ಲೆಕ್ಕದಲ್ಲಿ ಬಳಲುತ್ತಿದ್ದ ಕೆಪ್ಲರನು ಈ ಸಂಖ್ಯೆಗಳ ಉಪಕಾರವನ್ನು ನೆನೆದು 1619ರಲ್ಲಿ ನೇಪಿಯರನಿಗೆ ಒಂದು ಪತ್ರವನ್ನು ಬರೆದು, ತನ್ನ ಪಂಚಾಂಗದ ಸಂಪುಟವನ್ನು ಆತನಿಗೆ ಅರ್ಪಿಸಿದನು. ನೇಪಿಯರನು ಗತಿಸಿ ಎರಡು ವರ್ಷಗಳಾಗಿದ್ದ ಸಂಗತಿಯು ಕೆಪ್ಲರನಿಗೆ ಇನ್ನೂ ಮುಟ್ಟಿರಲಿಲ್ಲ.