ದಪ್ಪ ಕಲ್ಲಿನ ಗೋಡೆ ಸದಾ ತಂಪೇ? ಫಿರೋಜ್ ಶಾ ಬಹಮನಿಯ ಬದುಕು ಮತ್ತು ಒಂದು ಫಾರ್ವರ್ಡ್‌ನ ಅರ್ಧಸತ್ಯ

ಬೇಸಿಗೆ ಬಂತೆಂದರೆ ನಮ್ಮ ಮೊಬೈಲ್‌ಗಳಿಗೆ ಒಂದು ಬಗೆಯ ಸಂದೇಶ ಬರುತ್ತಲೇ ಇರುತ್ತದೆ. ಹಳೇ ಕಾಲದವರ ದಪ್ಪ ಕಲ್ಲಿನ ಗೋಡೆ ಇದ್ದರೆ ಎಸಿ ಬೇಡ, ಕಲ್ಲು ತಾನಾಗಿಯೇ ತಂಪು ಕೊಡುತ್ತದೆ ಎಂದು. ಜೊತೆಗೆ ಯಾವುದೋ ಗುಮ್ಮಟದ ಫೋಟೊ. ಇದು ನಿಜವೇ? ಕಲಬುರಗಿಯಲ್ಲೇ ಆಳಿದ ಒಬ್ಬ ಸುಲ್ತಾನನ ಬದುಕಿನ ಜೊತೆಗೆ ಇದನ್ನು ನೋಡೋಣ.

ತಾಜುದ್ದೀನ್ ಫಿರೋಜ್ ಶಾ ಬಹಮನಿ ಪಟ್ಟಕ್ಕೆ ಬಂದದ್ದು 1397ರಲ್ಲಿ. ಅರಮನೆಯ ಒಳಜಗಳದಲ್ಲಿ ಗೆದ್ದು ಸಿಂಹಾಸನ ಏರಿದವನು. ಹಲವು ಭಾಷೆ ಬಲ್ಲವನು, ಗಣಿತ ಮತ್ತು ಖಗೋಳದಲ್ಲಿ ಆಸಕ್ತಿ ಇದ್ದವನು ಎಂದು ಸುಮಾರು ಎರಡು ಶತಮಾನಗಳ ನಂತರ ಬರೆದ ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ದೌಲತಾಬಾದ್ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ, ಆದರೆ ಅದು ಪೂರ್ತಿಯಾಗಲಿಲ್ಲ.

1400ರ ಹೊತ್ತಿಗೆ ಕಲಬುರಗಿಯ ದಕ್ಷಿಣಕ್ಕೆ, ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಹೊಸ ಊರು ಕಟ್ಟಿಸಿದ. ಅಲ್ಲಿನ ಕೋಟೆ, ಮಸೀದಿ ಮತ್ತು ಹಮ್ಮಾಮ್‌ಗಳ, ಅಂದರೆ ಬಿಸಿ ಸ್ನಾನಗೃಹಗಳ, ಅವಶೇಷ ಇಂದಿಗೂ ಇವೆ.

ಈ ಹಮ್ಮಾಮ್ ನೆನಪಿಟ್ಟುಕೊಳ್ಳಿ. ಅಲ್ಲಿ ದಪ್ಪ ಗೋಡೆ ಇದ್ದದ್ದು ತಂಪಿಗಲ್ಲ. ಒಮ್ಮೆ ಕಾಯ್ದರೆ ಬಹಳ ಹೊತ್ತು ಆರದ ಗೋಡೆ ಅದು. ಅಂದರೆ ಕಲ್ಲು ತಂಪನ್ನು ಹುಟ್ಟಿಸುವುದಿಲ್ಲ. ಅದು ಶಾಖದ ಉಗ್ರಾಣ ಅಷ್ಟೇ. ಇದನ್ನೇ ವಿಜ್ಞಾನಿಗಳು ಥರ್ಮಲ್ ಮಾಸ್ ಎನ್ನುತ್ತಾರೆ.

ಫಿರೋಜ್ ಶಾನ ಕೊನೆಯ ದಿನಗಳು ಸುಖವಾಗಿರಲಿಲ್ಲ. ಸೂಫಿ ಸಂತ ಖ್ವಾಜಾ ಬಂದೇ ನವಾಜರನ್ನು ಮೊದಲು ಗೌರವದಿಂದ ಬರಮಾಡಿಕೊಂಡಿದ್ದವನು ಆಮೇಲೆ ಅವರ ಜೊತೆ ಮನಸ್ತಾಪ ಕಟ್ಟಿಕೊಂಡ. ಪಾನಗಲ್ ಬಳಿ ವಿಜಯನಗರದ ಸೇನೆಯೆದುರು ಸೋತ. 1422ರಲ್ಲಿ ತಮ್ಮ ಅಹ್ಮದನಿಗೆ ಪಟ್ಟ ಬಿಟ್ಟುಕೊಟ್ಟು, ಅದೇ ವರ್ಷ ತೀರಿಕೊಂಡ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಎರಡು ಗುಮ್ಮಟದ ದೊಡ್ಡ ಸಮಾಧಿ ಅವನದೇ.

ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಇಂಥ ಕಟ್ಟಡದ ಒಳಗೆ ಕಾಲಿಟ್ಟರೆ ಹಾಯೆನಿಸುತ್ತದೆ. ಆ ಗೋಡೆ ಅಷ್ಟು ದಪ್ಪ ಬೇಕಾದದ್ದು ಮೊದಲಿಗೆ ಗುಮ್ಮಟದ ಭಾರ ಹೊರಲು. ತಂಪು ಅದರ ಜೊತೆಗೆ ಬಂದ ಲಾಭ. ಬಿಸಿಲಿನ ಶಾಖ ಒಂದೂವರೆ ಅಡಿ ಕಲ್ಲನ್ನು ದಾಟಲು ಸುಮಾರು 10 ಗಂಟೆ ಬೇಕು. ಮಧ್ಯಾಹ್ನದ ಬಿಸಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಅದೂ ತೀರಾ ಕುಗ್ಗಿರುತ್ತದೆ.

ಹಾಗಾದರೆ ಫಾರ್ವರ್ಡ್ ನಿಜವೇ? ಅರ್ಧ ಮಾತ್ರ. ಉಗ್ರಾಣ ಪ್ರತಿ ರಾತ್ರಿ ಖಾಲಿಯಾಗಬೇಕು. ರಾತ್ರಿ ತಂಪು ಗಾಳಿ ಒಳಗೆ ಆಡದಿದ್ದರೆ, ಅಥವಾ ರಾತ್ರಿಯೇ ಬಿಸಿಯಾಗಿದ್ದರೆ, ಗೋಡೆಯಲ್ಲಿ ಶಾಖ ದಿನೇದಿನೇ ಕೂಡಿಕೊಳ್ಳುತ್ತದೆ. ಕಾಂಕ್ರೀಟ್ ಮನೆಯ ಪಾಡು ಇನ್ನೂ ಕಷ್ಟ. ನಾಲ್ಕೈದು ಇಂಚಿನ ಸ್ಲ್ಯಾಬ್‌ನಲ್ಲಿ ಶಾಖ ಸುಮಾರು ಮೂರು ಗಂಟೆಯಲ್ಲಿ ಕೆಳಗಿಳಿಯುತ್ತದೆ. ಅದಕ್ಕೇ ಸಂಜೆಯಿಂದ ಮಲಗುವ ಹೊತ್ತಿನವರೆಗೂ ಛಾವಣಿ ಧಗೆ ಕಾರುತ್ತದೆ.

ಇಲ್ಲಿ ಬೇಕಾದದ್ದು ಇನ್ಸುಲೇಶನ್, ಅಂದರೆ ಶಾಖ ತಡೆ. ಎರಡು ಇಂಚಿನ ಥರ್ಮೋಕಾಲ್ ಹಾಳೆ ತಡೆಯುವ ಶಾಖವನ್ನು ಬರೀ ಕಲ್ಲಿನಿಂದ ತಡೆಯಬೇಕಾದರೆ ಹಲವು ಅಡಿ ದಪ್ಪ ಬೇಕು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಎರಡೂ ಗುಣ ಕೂಡಿದ್ದವು. ಒಣ ಮಣ್ಣು ಭಾರವೂ ಹೌದು, ಕಲ್ಲಿಗಿಂತ ಹೆಚ್ಚು ಶಾಖ ತಡೆಯುವಂಥದ್ದೂ ಹೌದು. ಆದರೆ ಮಳೆಗಾಲದಲ್ಲಿ ನೀರು ಕುಡಿದ ಮಾಳಿಗೆ ಕುಸಿಯುವ ಅಪಾಯ ಇದೆ. ಆದ್ದರಿಂದ ಈಗಿನ ಸ್ಲ್ಯಾಬ್ ಮೇಲೆ ಮಣ್ಣು ಸುರಿಯಬೇಡಿ.

ಏನು ಮಾಡಬಹುದು? ಛಾವಣಿಗೆ ಬಿಳಿ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯಿರಿ, ಇಲ್ಲವೇ ನೆರಳು ಮಾಡಿ. ಶಾಖ ತಡೆ ಹಾಕಿಸುವುದಾದರೆ ಸ್ಲ್ಯಾಬ್‌ನ ಮೇಲ್ಭಾಗದಲ್ಲಿ ಹಾಕಿಸಿ. ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗಿರುವಾಗ ಕಿಟಕಿ ಮುಚ್ಚಿ, ತಂಪಾದ ಮೇಲೆ ಎದುರುಬದುರು ಕಿಟಕಿ ತೆರೆಯಿರಿ. ಮನೆಯಲ್ಲಿ ವಯಸ್ಸಾದವರು, ಹೃದ್ರೋಗಿಗಳು ಇದ್ದರೆ ಅವರು ರಾತ್ರಿ ಮಲಗುವ ಕೋಣೆಯಿಂದಲೇ ಶುರು ಮಾಡಿ. ಹಗಲಿನ ಬಿಸಿಯಲ್ಲಿ ದಣಿದ ದೇಹ ರಾತ್ರಿಯೂ ಆರದಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಮುಂದಿನ ಬಾರಿ ಗುಮ್ಮಟದ ಫೋಟೊ ಬಂದರೆ ಫಾರ್ವರ್ಡ್ ಮಾಡಿ, ಅಡ್ಡಿಯಿಲ್ಲ. ಜೊತೆಗೆ ಫಿರೋಜ್ ಶಾನ ಹಮ್ಮಾಮ್ ಕಥೆಯನ್ನೂ ಸೇರಿಸಿ.